ಹಿಂದಿನ ಸಭೆಯ ನಡಾವಳಿ ಓದುವವರು ಯಾರು?

ದಿನಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಸುದ್ದಿಯೊಂದಿದೆ. ಯಾವುದೋ ಪಟ್ಟಣದ ಪುರಸಭೆಯ ಸಾಮಾನ್ಯ ಸಭೆ ನಡೆಯಿತು. ಕುಡಿಯುವ ನೀರು ನಾಲ್ಕು ದಿನಕ್ಕೊಮ್ಮೆ ಬರುತ್ತಿದೆಯೆಂದು ಸದಸ್ಯರು ಆಕ್ಷೇಪಿಸಿದರು. ಬೀದಿದೀಪ ನಿರ್ವಹಣೆಯ ಗುತ್ತಿಗೆದಾರನಿಗೆ ನೋಟಿಸ್ ಕೊಡುವುದಾಗಿ ಮುಖ್ಯಾಧಿಕಾರಿ ಹೇಳಿದರು. ವಾಣಿಜ್ಯ ಮಳಿಗೆಗಳ ಹರಾಜಿನ ವಿಷಯ ಮುಂದಿನ ಸಭೆಗೆ ಹೋಯಿತು. ಊರಿನ ಹೆಸರು ಬದಲಿಸಿದರೆ ಈ ಸುದ್ದಿ ಮಾಗಡಿಗೂ ಸಲ್ಲುತ್ತದೆ, ಆನೇಕಲ್ಲಿಗೂ ಸಲ್ಲುತ್ತದೆ. ಮಹಾನಗರದ ಓದುಗ ಇದರ ಮೇಲೆ ಕಣ್ಣಾಡಿಸಿ ಮುಂದಕ್ಕೆ ಹೋಗುತ್ತಾನೆ. ಅದರಲ್ಲಿ ಹಗರಣವಿಲ್ಲ, ರೋಚಕತೆಯಿಲ್ಲ, ಹೇಳಿಕೊಳ್ಳುವಂಥ ನಾಯಕರೂ ಇಲ್ಲ.

ಮಾವಳ್ಳಿಯಲ್ಲಿ ಕುಳಿತು ಈ ಸುದ್ದಿಯನ್ನು ಓದುವವನಿಗೆ ಈಚಿನ ವರ್ಷಗಳಲ್ಲಿ ಸಣ್ಣದೊಂದು ಅಸೂಯೆ ಮೂಡಿದ್ದರೆ ಆಶ್ಚರ್ಯವಿಲ್ಲ. ಮಿನರ್ವ ವೃತ್ತದಿಂದ ಜೆ.ಸಿ. ರಸ್ತೆ ಹಿಡಿದು ಹೊರಟರೆ ಸಿಗುವುದು ಪುರಭವನ. ಆ ಕಟ್ಟಡ ಯಾರ ಹೆಸರನ್ನು ಹೊತ್ತಿದೆಯೋ ಆ ಸರ್ ಕೆ.ಪಿ. ಪುಟ್ಟಣ್ಣಚೆಟ್ಟಿಯವರು ಬೆಂಗಳೂರು ನಗರಸಭೆಯ ಅಧ್ಯಕ್ಷರಾಗಿದ್ದವರು. ಅಲ್ಲಿಂದ ಕೂಗಳತೆಯ ದೂರದಲ್ಲಿ ಹಡ್ಸನ್ ವೃತ್ತದ ಪಾಲಿಕೆ ಕಚೇರಿ. ಅದರ ಆವರಣದಲ್ಲಿ ಕೆಂಪೇಗೌಡ ಪೌರ ಸಭಾಂಗಣ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಅಂದಿನಿಂದ 2025ರ ಅಂತ್ಯದವರೆಗೆ ಆ ಸಭಾಂಗಣದಲ್ಲಿ ನಗರದ ಚುನಾಯಿತ ಸದಸ್ಯರು ಒಂದು ದಿನವೂ ಸಭೆ ಸೇರಲಿಲ್ಲ. ಐದು ವರ್ಷಕ್ಕೂ ಮೀರಿದ ಈ ಅವಧಿಯಲ್ಲಿ ಊರಿನ ಯಾವ ಚರಂಡಿ ಹೂಳೆತ್ತಿದರು, ಯಾವುದನ್ನು ಬಿಟ್ಟರು, ಯಾಕೆ ಬಿಟ್ಟರು ಎಂಬ ಪ್ರಶ್ನೆಯನ್ನು ಎದ್ದು ನಿಂತು ಕೇಳುವ ಹಕ್ಕುಳ್ಳ ಒಬ್ಬ ಸದಸ್ಯನೂ ಬೆಂಗಳೂರಿಗಿರಲಿಲ್ಲ. ಹಾಗಾಗಿ ಪುಟ್ಟ ಪಟ್ಟಣವೊಂದರ ಪುರಸಭೆಯ ನೀರಸ ಕಾರ್ಯಸೂಚಿಯನ್ನು ಸ್ವಲ್ಪ ಗಮನವಿಟ್ಟು ನೋಡುವುದು ಮಹಾನಗರಕ್ಕೂ ಅಗತ್ಯವಾಗಿದೆ.

ಕರ್ನಾಟಕದಲ್ಲಿ ಹತ್ತು ಸಾವಿರದಿಂದ ಇಪ್ಪತ್ತು ಸಾವಿರ ಜನಸಂಖ್ಯೆಯ ಊರಿಗೆ ಪಟ್ಟಣ ಪಂಚಾಯಿತಿ, ಐವತ್ತು ಸಾವಿರದವರೆಗೆ ಪುರಸಭೆ, ಮೂರು ಲಕ್ಷದವರೆಗೆ ನಗರಸಭೆ. ಇವೆಲ್ಲವೂ 1964ರ ಕರ್ನಾಟಕ ಪೌರಸಭೆಗಳ ಕಾಯ್ದೆಯಡಿ ನಡೆಯುವ ಸಂಸ್ಥೆಗಳು. ಪುರಸಭೆಯೊಂದರಲ್ಲಿ ಸಾಮಾನ್ಯವಾಗಿ 23 ಅಥವಾ 27 ಚುನಾಯಿತ ಸದಸ್ಯರಿರುತ್ತಾರೆ. ಸರ್ಕಾರ ನಾಮನಿರ್ದೇಶನ ಮಾಡುವವರಿಗೆ ಮಾತನಾಡುವ ಹಕ್ಕುಂಟು, ಮತದ ಹಕ್ಕಿಲ್ಲ. ಆ ಭಾಗದ ಶಾಸಕರೂ ಸಂಸದರೂ ಪದನಿಮಿತ್ತ ಸದಸ್ಯರು. ಅವರಿಗೆ ಮತವೂ ಇದೆ. ಮಾಸಿಕ ಸಭೆಗಳಿಗೆ ಅಪರೂಪಕ್ಕೆ ಬರುವ ಇವರು ಅಧ್ಯಕ್ಷರ ಚುನಾವಣೆಯ ದಿನ ಮಾತ್ರ ತಪ್ಪಿಸಿಕೊಳ್ಳುವುದಿಲ್ಲ.

ಸಭೆಯ ಕಾರ್ಯಸೂಚಿ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ. ವಿಷಯ ಸಂಖ್ಯೆ ಒಂದು: ಹಿಂದಿನ ಸಭೆಯ ನಡಾವಳಿಯನ್ನು ಓದಿ ದೃಢೀಕರಿಸುವುದು. ಎರಡು: ಕಳೆದ ತಿಂಗಳ ಜಮಾ ಖರ್ಚಿನ ಪರಿಶೀಲನೆ. ಆಮೇಲೆ ಕೊಳವೆಬಾವಿಯ ಮೋಟಾರ್ ದುರಸ್ತಿಯ ಬಿಲ್ಲು, ವಾರದ ಸಂತೆಯ ಸುಂಕ ವಸೂಲಿಯ ಹರಾಜು, ಮಳಿಗೆ ಬಾಡಿಗೆಯ ಬಾಕಿ, ಕಸ ವಿಲೇವಾರಿ ವಾಹನದ ಇಂಧನ, ಪೌರಕಾರ್ಮಿಕರ ಸಮವಸ್ತ್ರ, ಹಣಕಾಸು ಆಯೋಗದ ಅನುದಾನಕ್ಕೆ ಕ್ರಿಯಾಯೋಜನೆ, ಪರಿಶಿಷ್ಟರಿಗೆ ಮೀಸಲಾದ ಶೇ 24.10, ಇತರ ಬಡವರಿಗೆ ಮೀಸಲಾದ ಶೇ 7.25 ಮತ್ತು ಅಂಗವಿಕಲರಿಗೆ ಮೀಸಲಾದ ಶೇ 5ರ ನಿಧಿಯಲ್ಲಿ ಫಲಾನುಭವಿಗಳ ಆಯ್ಕೆ. ಕಟ್ಟಕಡೆಗೆ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯಗಳು’. ಇದಿಷ್ಟನ್ನು ಮುಗಿಸಲು ಮೂರು ನಾಲ್ಕು ತಾಸು ಹಿಡಿಯುತ್ತದೆ; ಕೆಲವೊಮ್ಮೆ ಮುಗಿಯುವುದೂ ಇಲ್ಲ.

ಈ ಪಟ್ಟಿಯಲ್ಲಿ ಮೊದಲನೆಯ ವಿಷಯವೇ ಅತ್ಯಂತ ನೀರಸವಾಗಿ ಕಾಣುತ್ತದೆ. ಆದರೆ ಇಡೀ ಸಂಸ್ಥೆಯ ಜೀವ ಇರುವುದು ಅದರಲ್ಲಿಯೇ. ಕಳೆದ ತಿಂಗಳು ಒಂಬತ್ತನೆಯ ವಾರ್ಡಿನ ಸದಸ್ಯೆ ಪೈಪು ಒಡೆದಿರುವುದನ್ನು ಪ್ರಸ್ತಾಪಿಸಿದ್ದರೆ, ಹದಿನೈದು ದಿನದಲ್ಲಿ ಸರಿಪಡಿಸುವುದಾಗಿ ಎಂಜಿನಿಯರ್ ಒಪ್ಪಿಕೊಂಡಿದ್ದರೆ ಆ ಮಾತು ನಡಾವಳಿ ಪುಸ್ತಕದಲ್ಲಿ ಸೇರಿರುತ್ತದೆ. ಈ ತಿಂಗಳು ಅದನ್ನು ಓದಿದಾಗ ಆಕೆ ಎದ್ದು ನಿಂತು ‘ಏನಾಯಿತು?’ ಎಂದು ಕೇಳಬಹುದು. ಎಂಜಿನಿಯರ್ ಏನಾದರೊಂದು ಉತ್ತರ ಕೊಡಲೇಬೇಕು. ಆ ಉತ್ತರವೂ ದಾಖಲಾಗುತ್ತದೆ. ಪೈಪು ದುರಸ್ತಿಯಾಗಲಿಕ್ಕಿಲ್ಲ. ಆದರೆ ದುರಸ್ತಿಯಾಗಿಲ್ಲ ಎಂಬ ಸಂಗತಿ ಊರಿನ ಮುಂದೆ ಒಪ್ಪಿಕೊಂಡ ಸತ್ಯವಾಗುತ್ತದೆ. ಮಹಾನಗರದ ನಿವಾಸಿಗೆ ಸಹಾಯವಾಣಿಯಿಂದ ದೂರು ಸಂಖ್ಯೆ ಸಿಗುತ್ತದೆ, ಮೊಬೈಲಿಗೆ ಸಂದೇಶವೂ ಬರುತ್ತದೆ. ದೂರನ್ನು ಮುಗಿಸಿದ್ದೇವೆ ಎಂದು ಹೇಳುವವರೂ ಅದು ನಿಜವೇ ಎಂದು ತೀರ್ಮಾನಿಸುವವರೂ ಒಂದೇ ಕಚೇರಿಯವರಾದಾಗ ಆ ಸಂದೇಶಕ್ಕೆ ಎಷ್ಟು ಬೆಲೆ?

ಎರಡನೆಯ ಉದಾಹರಣೆ ‘ಘಟನೋತ್ತರ ಮಂಜೂರಾತಿ’ ಎಂಬ ಪದಪುಂಜ. ಬೇಸಿಗೆಯಲ್ಲಿ ಮೋಟಾರ್ ಸುಟ್ಟುಹೋದರೆ ಸಭೆ ಸೇರುವವರೆಗೆ ಕಾಯಲಾಗದು. ಮುಖ್ಯಾಧಿಕಾರಿ ದುರಸ್ತಿ ಮಾಡಿಸಿ ಆಮೇಲೆ ಬಿಲ್ಲನ್ನು ಸಭೆಯ ಮುಂದಿಡುತ್ತಾರೆ. ಒಂದೇ ಮೋಟಾರ್ ವರ್ಷದಲ್ಲಿ ಮೂರು ಸಲ ಸುಟ್ಟದ್ದು ಹೇಗೆಂದು ಸದಸ್ಯರು ಕೇಳುವುದು ಇಲ್ಲಿಯೇ. ಕೆಲವು ಸಾವಿರ ರೂಪಾಯಿಯ ಬಿಲ್ಲಿನ ಮೇಲೆ ಒಂದು ತಾಸು ಜಗಳವಾಡುವುದು ಹೊರಗಿನವರಿಗೆ ಕ್ಷುಲ್ಲಕವಾಗಿ ತೋರುತ್ತದೆ. ಊರಿನವರಿಗೆ ಅದು ತಮ್ಮ ಮನೆಗಂದಾಯದ ಲೆಕ್ಕ.

ಇಷ್ಟು ಹೇಳಿದ ಮಾತ್ರಕ್ಕೆ ಪುರಸಭೆಗಳು ಪ್ರಜಾಪ್ರಭುತ್ವದ ಆದರ್ಶ ಶಾಲೆಗಳೆಂದು ಯಾರೂ ಭಾವಿಸಬೇಕಾಗಿಲ್ಲ. ಅವುಗಳ ದೋಷಗಳು ಊರಿಗೆಲ್ಲ ಗೊತ್ತಿರುವಂಥವೇ. ಸದಸ್ಯರೇ ಬೇನಾಮಿ ಗುತ್ತಿಗೆದಾರರಾಗಿರುವುದುಂಟು. ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲಿದ್ದರೂ ಸದಸ್ಯೆಯ ಬದಲು ಆಕೆಯ ಗಂಡ ಕಚೇರಿಯಲ್ಲಿ ಕುಳಿತು ಕಡತ ತರಿಸಿಕೊಳ್ಳುವುದನ್ನು ಯಾರೂ ಅಪರಾಧವೆಂದು ಎಣಿಸುವುದಿಲ್ಲ. ಅಧ್ಯಕ್ಷರ ಆಯ್ಕೆ ಹತ್ತಿರವಾದಾಗ ಸದಸ್ಯರು ರೆಸಾರ್ಟುಗಳಿಗೆ ಪ್ರವಾಸ ಹೋಗುವ ಪರಿಪಾಟ ವಿಧಾನಸಭೆಯಿಂದ ಪಟ್ಟಣ ಪಂಚಾಯಿತಿಯವರೆಗೂ ಇಳಿದಿದೆ. ಕೋರಂ ಇಲ್ಲದೆ ಮುಂದೂಡಿದ ಸಭೆಗಳು, ಓದದೆಯೇ ‘ಓದಿ ದೃಢೀಕರಿಸಿದ’ ನಡಾವಳಿಗಳು ಬೇಕಾದಷ್ಟಿವೆ. ಆದರೂ ಒಂದು ವ್ಯತ್ಯಾಸವನ್ನು ಮರೆಯಬಾರದು. ಈ ದೋಷಗಳೆಲ್ಲ ನಮಗೆ ಗೊತ್ತಾಗಿರುವುದು ಸಭೆ ನಡೆಯುವುದರಿಂದಲೇ. ಸಭೆಯೇ ಇಲ್ಲದ ಕಡೆ ಸುದ್ದಿಯೂ ಇರುವುದಿಲ್ಲ. ಸುದ್ದಿಯಿಲ್ಲದಿರುವುದನ್ನು ನಾವು ಸುಸೂತ್ರ ಆಡಳಿತವೆಂದು ತಪ್ಪಾಗಿ ತಿಳಿಯುತ್ತೇವೆ.

ಇಂಥ ಸಭೆಗಳನ್ನೂ ಕರ್ನಾಟಕ ಸರಿಯಾಗಿ ನಡೆಯಗೊಟ್ಟಿಲ್ಲ ಎಂಬುದು ಈ ಲೇಖನದ ಮುಖ್ಯ ಕಾಳಜಿ. 2018ರ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳಿಗೆ ಮತದಾನ ನಡೆಯಿತು. ಸೆಪ್ಟೆಂಬರ್ 3ರಂದು ಫಲಿತಾಂಶ ಬಂದಿತು. ಗೆದ್ದವರಿಗೆ ಹಾರ ಹಾಕಲಾಯಿತು, ಮೆರವಣಿಗೆಗಳು ನಡೆದವು. ಆದರೆ ಪುರಸಭೆ, ನಗರಸಭೆಗಳ ಅಧ್ಯಕ್ಷ ಮತ್ತು ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ವಿವಾದಕ್ಕೆ ಸಿಲುಕಿತು. ಆವರ್ತನ ನಿಯಮ ಪಾಲನೆಯಾಗಿಲ್ಲವೆಂದು ಹಲವರು ಹೈಕೋರ್ಟ್ ಮೆಟ್ಟಿಲೇರಿದರು. ಪಟ್ಟಿಗಳು ಬದಲಾದವು, ತಡೆಯಾಜ್ಞೆಗಳು ಬಂದವು. ಅಧ್ಯಕ್ಷರ ಆಯ್ಕೆ ನಡೆಯುವ ಹೊತ್ತಿಗೆ 2020ರ ಕೊನೆಯ ತಿಂಗಳುಗಳು ಬಂದಿದ್ದವು. ಅಷ್ಟೂ ದಿನ ಮತ ಪಡೆದು ಗೆದ್ದವರು ಸದಸ್ಯರೆಂದು ಕರೆಸಿಕೊಂಡರೇ ಹೊರತು ಅವರಿಗೆ ಕೂರಲು ಸಭೆ ಇರಲಿಲ್ಲ. ಆಡಳಿತಾಧಿಕಾರಿಗಳೇ ಊರು ನಡೆಸಿದರು.

ಅಧ್ಯಕ್ಷರ ಅವಧಿ ಮೂವತ್ತು ತಿಂಗಳು. ಮೊದಲ ಅವಧಿ 2023ರ ಮಧ್ಯದಲ್ಲಿ ಮುಗಿಯಿತು. ಎರಡನೇ ಅವಧಿಗೆ ಮೀಸಲಾತಿ ನಿಗದಿಪಡಿಸುವುದು ಆ ದಿನವೇ ಗೊತ್ತಿದ್ದ ಕೆಲಸ. ಮೂವತ್ತು ತಿಂಗಳು ಮೊದಲೇ ಗೊತ್ತಿದ್ದ ಕೆಲಸ. ಆದರೂ ಪಟ್ಟಿ ಹೊರಬಿದ್ದದ್ದು 2024ರ ಆಗಸ್ಟ್‌ನಲ್ಲಿ. ಮತ್ತೆ ಒಂದು ವರ್ಷಕ್ಕೂ ಹೆಚ್ಚು ಕಾಲ ಜಿಲ್ಲಾಧಿಕಾರಿಗಳು, ಉಪವಿಭಾಗಾಧಿಕಾರಿಗಳು ಪುರಸಭೆಗಳ ಹೊಣೆ ಹೊತ್ತರು. ತಮ್ಮದೇ ಆದ ನೂರು ಜವಾಬ್ದಾರಿಗಳ ನಡುವೆ ಹತ್ತಾರು ಊರುಗಳ ಚರಂಡಿಯ ಲೆಕ್ಕವನ್ನೂ ನೋಡಬೇಕಾದ ಅಧಿಕಾರಿ ಎಷ್ಟನ್ನು ನೋಡಬಲ್ಲ?

ಇಲ್ಲೊಂದು ಸಾಂವಿಧಾನಿಕ ವಿಪರ್ಯಾಸವನ್ನು ಗಮನಿಸಬೇಕು. 1993ರ ಜೂನ್ 1ರಂದು ಜಾರಿಗೆ ಬಂದ 74ನೇ ತಿದ್ದುಪಡಿಯು ನಗರ ಸ್ಥಳೀಯ ಸಂಸ್ಥೆಗಳಿಗೆ ಐದು ವರ್ಷದ ಅವಧಿಯನ್ನು ಖಾತರಿಪಡಿಸಿತು. ಸಂವಿಧಾನದ 243ಯು ವಿಧಿಯಂತೆ ಈ ಐದು ವರ್ಷದ ಎಣಿಕೆ ಶುರುವಾಗುವುದು ಮೊದಲ ಸಭೆಗೆ ಗೊತ್ತುಪಡಿಸಿದ ದಿನದಿಂದ. ಸದಸ್ಯರ ಅವಧಿಯನ್ನು ಯಾರೂ ಮೊಟಕುಗೊಳಿಸದಿರಲಿ ಎಂಬುದು ಇದರ ಉದ್ದೇಶ. ಆದರೆ ಮೊದಲ ಸಭೆಯನ್ನೇ ಕರೆಯದೆ ಹೋದರೆ? 2018ರಲ್ಲಿ ಆಯ್ಕೆಯಾದವರ ಐದು ವರ್ಷ 2020ರಲ್ಲಿ ಆರಂಭವಾಗಿ 2025ರ ಉತ್ತರಾರ್ಧದಲ್ಲಿ ಮುಗಿಯುವ ಹಂತಕ್ಕೆ ಬಂದಿತು. ಮತದಾರನ ದೃಷ್ಟಿಯಿಂದ ನೋಡಿದರೆ, ಆತ ಒಮ್ಮೆ ಮತ ಹಾಕಿ ಏಳು ವರ್ಷ ಕಾದಿದ್ದಾನೆ. ಆ ಏಳು ವರ್ಷಗಳಲ್ಲಿ ಅವನ ಊರಿಗೆ ಅಧ್ಯಕ್ಷರಿದ್ದದ್ದು ಸರಿಸುಮಾರು ಅರ್ಧ ಕಾಲ ಮಾತ್ರ. ಕಾನೂನಿನ ಅಕ್ಷರ ಎಲ್ಲಿಯೂ ಮುರಿದಂತೆ ಕಾಣುವುದಿಲ್ಲ. ಅದರ ಆಶಯ ಮಾತ್ರ ಎಲ್ಲಿಯೂ ಉಳಿದಿಲ್ಲ.

ಇದರ ಪೆಟ್ಟು ಬೊಕ್ಕಸಕ್ಕೂ ಬೀಳುತ್ತದೆ. 15ನೇ ಹಣಕಾಸು ಆಯೋಗ 2021-22ರಿಂದ 2025-26ರವರೆಗೆ ಶಿಫಾರಸು ಮಾಡಿದ ಅನುದಾನದಲ್ಲಿ ಸಣ್ಣ ನಗರಗಳ ಪಾಲಿನ ಶೇ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲು. ಉಳಿದ ಶೇ 40ರಷ್ಟನ್ನು ಊರು ತನಗೆ ಬೇಕಾದುದಕ್ಕೆ ಬಳಸಬಹುದು. ಈ ‘ಬೇಕಾದುದು’ ಏನೆಂದು ಹೇಳಬೇಕಾದವರು ಊರಿನವರು. ಸ್ಮಶಾನಕ್ಕೆ ದಾರಿಯೇ, ಸಂತೆ ಮೈದಾನಕ್ಕೆ ನೆರಳೇ, ಹಳೆಯ ಕೇರಿಯ ಕಲ್ಲುಚಪ್ಪಡಿಯೇ ಎಂಬುದು ವಾರ್ಡು ವಾರ್ಡುಗಳ ನಡುವಿನ ಜಗ್ಗಾಟದಲ್ಲಿ ತೀರ್ಮಾನವಾಗಬೇಕು. ಸಭೆಯಿಲ್ಲದಾಗ ಈ ತೀರ್ಮಾನ ಜಿಲ್ಲಾ ಕೇಂದ್ರದ ಮೇಜಿನ ಮೇಲೆ ಆಗುತ್ತದೆ. ಅಲ್ಲಿ ಜಗ್ಗಾಟವಿರುವುದಿಲ್ಲ, ಶಾಸಕರ ಫೋನು ಇರುತ್ತದೆ. ಅವಧಿ ಮುಗಿದೂ ಚುನಾವಣೆ ನಡೆಸದ ಸಂಸ್ಥೆಗಳಿಗೆ ಕೇಂದ್ರದ ಅನುದಾನ ಬಿಡುಗಡೆಯಾಗುವುದಿಲ್ಲ ಎಂಬ ಷರತ್ತಿನ ಬಿಸಿಯೂ ರಾಜ್ಯಕ್ಕೆ ತಟ್ಟಿದೆ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿಯೇ ಮುಗಿದರೂ 2025ರ ಕೊನೆಯವರೆಗೆ ಅವುಗಳಿಗೆ ಚುನಾವಣೆ ನಡೆಯಲಿಲ್ಲ.

ಸಣ್ಣ ಪಟ್ಟಣಗಳ ಕಥೆ ಹೀಗಿರುವಾಗ ರಾಜಧಾನಿಯದು ಇನ್ನೂ ದೊಡ್ಡ ಪ್ರಮಾಣದ್ದು. ಹಳೆಯ ಬೆಂಗಳೂರು ಮಹಾನಗರ ಪಾಲಿಕೆಯ ಕೌನ್ಸಿಲ್ 2006ರ ನವೆಂಬರ್‌ನಲ್ಲಿ ಅವಧಿ ಮುಗಿಸಿತು. 2007ರಲ್ಲಿ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಹಾಗೂ 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾಯಿತು. ಯಲಹಂಕ, ಬ್ಯಾಟರಾಯನಪುರ, ದಾಸರಹಳ್ಳಿ, ರಾಜರಾಜೇಶ್ವರಿನಗರ, ಬೊಮ್ಮನಹಳ್ಳಿ, ಮಹದೇವಪುರ, ಕೃಷ್ಣರಾಜಪುರಗಳಿಗೆ ತಮ್ಮದೇ ಆದ ಅಧ್ಯಕ್ಷರಿದ್ದರು, ಸಭೆಗಳಿದ್ದವು, ನಡಾವಳಿ ಪುಸ್ತಕಗಳಿದ್ದವು. ಕೆಂಗೇರಿಯ ಜನ ತಮ್ಮ ಪುರಸಭೆಯ ಬಾಗಿಲಿಗೆ ನಡೆದುಕೊಂಡು ಹೋಗುತ್ತಿದ್ದರು. ವಿಲೀನವಾದ ಮೇಲೆ 2010ರ ಮಾರ್ಚ್‌ನಲ್ಲಿ 198 ವಾರ್ಡುಗಳಿಗೆ ಚುನಾವಣೆ ನಡೆಯುವವರೆಗೆ ಮೂರು ವರ್ಷಕ್ಕೂ ಹೆಚ್ಚು ಕಾಲ ಹಳೆಯ ಊರಿಗೂ ಹೊಸ ಊರಿಗೂ ಸಮಾನವಾಗಿ ಸಭೆಯಿರಲಿಲ್ಲ. ದೊಡ್ಡದಾಗುವುದಕ್ಕೆ ತೆತ್ತ ಮೊದಲ ಬೆಲೆ ಅದು.

2020ರ ನಂತರ ನಡೆದದ್ದನ್ನು ಅಂಕಿಗಳೇ ಹೇಳುತ್ತವೆ. 198 ಇದ್ದ ವಾರ್ಡುಗಳು ಹೊಸ ಕಾಯ್ದೆಯಂತೆ 243 ಆದವು. ಸರ್ಕಾರ ಬದಲಾಗಿ 2023ರಲ್ಲಿ 225ಕ್ಕೆ ಇಳಿದವು. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ 15ರಂದು ಜಾರಿಗೆ ಬಂದು, ಸೆಪ್ಟೆಂಬರ್ 2ರಂದು ಒಂದು ಪಾಲಿಕೆಯ ಜಾಗದಲ್ಲಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ಪಾಲಿಕೆಗಳು ಹುಟ್ಟಿದ ಮೇಲೆ ಒಟ್ಟು ವಾರ್ಡುಗಳ ಸಂಖ್ಯೆ 369 ಆಯಿತು. ವಾರ್ಡುಗಳನ್ನು ಮೂರು ಬಾರಿ ಹೊಸದಾಗಿ ಎಣಿಸಲಾಯಿತು; ಅಷ್ಟೂ ಕಾಲ ಮತಗಳನ್ನು ಒಮ್ಮೆಯೂ ಎಣಿಸಲಿಲ್ಲ. ಮೂರು ಪ್ರಮುಖ ಪಕ್ಷಗಳ ಪೈಕಿ ಯಾವುದೂ ಈ ವಿಳಂಬದ ಬಗ್ಗೆ ನಿಜವಾಗಿ ಸಂಕಟಪಟ್ಟಂತೆ ಕಾಣಲಿಲ್ಲ. ವಿರೋಧ ಪಕ್ಷದಲ್ಲಿದ್ದಾಗ ಚುನಾವಣೆಗೆ ಒತ್ತಾಯಿಸುವುದು, ಅಧಿಕಾರಕ್ಕೆ ಬಂದೊಡನೆ ಪುನರ್ವಿಂಗಡಣೆಯ ನೆಪ ಹುಡುಕುವುದು ಸಂಪ್ರದಾಯವೇ ಆಗಿಬಿಟ್ಟಿದೆ. ವಾರ್ಡಿನ ಸದಸ್ಯನಿಲ್ಲದಿದ್ದರೆ ಬೀದಿಯ ಪ್ರತಿಯೊಂದು ಕೆಲಸಕ್ಕೂ ಶಾಸಕರೇ ದಾತಾರರು. ಈ ಅನುಕೂಲವನ್ನು ಬಿಟ್ಟುಕೊಡುವ ಔದಾರ್ಯ ಯಾವ ಪಕ್ಷದ ಶಾಸಕರಲ್ಲಿಯೂ ಇಲ್ಲ.

2021-22ರಿಂದ 2025-26ರವರೆಗೆ ಬಿಬಿಎಂಪಿಯ ಐದು ಬಜೆಟ್‌ಗಳು ಚುನಾಯಿತ ಸಭೆಯ ಚರ್ಚೆಯಿಲ್ಲದೆ ಜಾರಿಗೆ ಬಂದವು. ಕೊನೆಯದರ ಗಾತ್ರ 19,900 ಕೋಟಿ ರೂಪಾಯಿಗೂ ಮೀರಿದ್ದು. ಅದನ್ನು ಅಧಿಕಾರಿಗಳು ಸಿದ್ಧಪಡಿಸಿದರು, ಅಧಿಕಾರಿಗಳು ಮಂಡಿಸಿದರು, ಅಧಿಕಾರಿಗಳೇ ಅನುಮೋದಿಸಿದರು. ಅದೇ ವರ್ಷಗಳಲ್ಲಿ ರಾಜ್ಯದ ಯಾವುದೋ ಪಟ್ಟಣ ಪಂಚಾಯಿತಿಯಲ್ಲಿ ಬ್ಲೀಚಿಂಗ್ ಪೌಡರ್ ಖರೀದಿಯ ದರವೇಕೆ ಏರಿತು ಎಂದು ಸದಸ್ಯನೊಬ್ಬ ಕೇಳಿರುತ್ತಾನೆ. ಹಣದ ಮೊತ್ತದಲ್ಲಿ ಈ ಎರಡಕ್ಕೆ ಹೋಲಿಕೆಯಿಲ್ಲ. ಪ್ರಜೆಗೆ ಸಿಕ್ಕ ಗೌರವದಲ್ಲಿ ಹೋಲಿಸಿದರೆ ಪಟ್ಟಣ ಪಂಚಾಯಿತಿಯದೇ ಮೇಲುಗೈ.

ಆಡಳಿತಾಧಿಕಾರಿಗಳ ಆಳ್ವಿಕೆಯೇ ವಾಸಿ ಎನ್ನುವ ವಾದವೊಂದಿದೆ. ಮಧ್ಯಮ ವರ್ಗದ ಬಡಾವಣೆಗಳಲ್ಲಿ ಈ ಮಾತು ಹೆಚ್ಚಾಗಿ ಕೇಳಿಬರುತ್ತದೆ. ಕಾರ್ಪೊರೇಟರ್‌ಗಳ ಕಮಿಷನ್ ಕಾಟವಿಲ್ಲ, ಗದ್ದಲವಿಲ್ಲ, ಕೆಲಸ ಬೇಗ ಆಗುತ್ತದೆ ಎಂಬುದು ಇದರ ತಿರುಳು. ಇದರಲ್ಲಿ ಸತ್ಯಾಂಶವೇ ಇಲ್ಲವೆನ್ನಲಾಗದು. ದಕ್ಷ ಅಧಿಕಾರಿಯೊಬ್ಬ ಬಂದರೆ ಆರು ತಿಂಗಳಲ್ಲಿ ಊರಿನ ಚಹರೆ ಬದಲಾಗುವುದುಂಟು. ಆದರೆ ಆತ ವರ್ಗವಾಗಿ ಹೋದ ಮೇಲೆ? ಆತನ ಬದಲು ಅದಕ್ಷನೊಬ್ಬ ಬಂದರೆ? ಇಬ್ಬರನ್ನೂ ಊರು ಆರಿಸಿದ್ದಲ್ಲ. ಇಬ್ಬರನ್ನೂ ಊರು ಇಳಿಸಲಾರದು. ಒಳ್ಳೆಯ ಅಧಿಕಾರಿಗೆ ಜನ ಕೃತಜ್ಞರಾಗಬಹುದು, ಕೆಟ್ಟ ಅಧಿಕಾರಿಯನ್ನು ಸಹಿಸಿಕೊಳ್ಳಬಹುದು. ಕೃತಜ್ಞತೆ ಮತ್ತು ಸಹನೆ ಪ್ರಜೆಗಳ ಗುಣಗಳೆನ್ನುವುದಕ್ಕಿಂತ ಹೆಚ್ಚಾಗಿ ಹಿಂದಿನ ಕಾಲದ ರಯತರ ಗುಣಗಳು. ಮೇಲಾಗಿ ಪುರಸಭೆಯ ಠರಾವು ಕಾನೂನುಬಾಹಿರವಾಗಿದ್ದರೆ ಅದನ್ನು ತಡೆಹಿಡಿಯುವ ಅಧಿಕಾರ ಜಿಲ್ಲಾಧಿಕಾರಿಗೆ ಇದ್ದೇ ಇದೆ. ಜಿಲ್ಲಾಧಿಕಾರಿಯೇ ಆಡಳಿತಾಧಿಕಾರಿಯಾದಾಗ ಅವರ ತೀರ್ಮಾನವನ್ನು ಊರಿನ ಮಟ್ಟದಲ್ಲಿ ತಡೆಹಿಡಿಯುವವರು ಯಾರು?

ಈ ಕಾಯಿಲೆ ಕರ್ನಾಟಕದ್ದು ಮಾತ್ರವಲ್ಲ. ಚೆನ್ನೈ ಪಾಲಿಕೆಗೆ 2016ರಿಂದ 2022ರವರೆಗೆ ಚುನಾಯಿತ ಕೌನ್ಸಿಲ್ ಇರಲಿಲ್ಲ. ಮುಂಬೈ ಪಾಲಿಕೆಯ ಅವಧಿ 2022ರ ಮಾರ್ಚ್‌ನಲ್ಲಿ ಮುಗಿದು ಮತದಾನ ನಡೆದದ್ದು 2026ರ ಜನವರಿಯಲ್ಲಿ. ಅವಧಿ ಮುಗಿಯುವ ಮುನ್ನವೇ ಚುನಾವಣೆ ಮುಗಿದಿರಬೇಕು ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿತ್ತು. ಪುನರ್ವಿಂಗಡಣೆ ಮುಗಿದಿಲ್ಲ ಎಂಬುದನ್ನು ಮುಂದೂಡಿಕೆಗೆ ಕಾರಣವಾಗಿ ಒಪ್ಪಲಾಗದು ಎಂದು 2022ರ ಮೇ ತಿಂಗಳಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ ಮತ್ತೊಮ್ಮೆ ಹೇಳಿತು. ಇಷ್ಟಾದರೂ ಮುಂದೂಡಿಕೆ ನಿಲ್ಲಲಿಲ್ಲವೆಂದರೆ, ದೋಷ ಆದೇಶಗಳ ಕೊರತೆಯಲ್ಲಿಲ್ಲ. ಚುನಾವಣೆಯ ಸಿದ್ಧತೆ ಯಾರ ಕೈಯಲ್ಲಿದೆ ಎಂಬುದರಲ್ಲಿದೆ.

ಹೀಗೇ ಆಗಬೇಕೆಂದೇನೂ ಇಲ್ಲ ಎನ್ನುವುದಕ್ಕೆ ಉದಾಹರಣೆಯನ್ನು ದೂರ ಹುಡುಕಬೇಕಾಗಿಲ್ಲ. ಕಾಸರಗೋಡು ನಗರಸಭೆಯನ್ನು, ಮಂಜೇಶ್ವರ, ಕುಂಬಳೆ, ಬದಿಯಡ್ಕದಂಥ ಪಂಚಾಯಿತಿಗಳನ್ನು ನೋಡಿ. ಅಲ್ಲಿನ ಕನ್ನಡಿಗ 1995, 2000, 2005, 2010, 2015, 2020 ಮತ್ತು 2025ರಲ್ಲಿ, ಐದು ವರ್ಷಕ್ಕೊಮ್ಮೆ ತಪ್ಪದೆ, ತನ್ನ ಸ್ಥಳೀಯ ಸಂಸ್ಥೆಗೆ ಮತ ಹಾಕಿದ್ದಾನೆ. 2020ರ ಡಿಸೆಂಬರ್‌ನಲ್ಲಿ ಕೋವಿಡ್ ಹಾವಳಿಯ ನಡುವೆಯೂ ಕೇರಳ ಮೂರು ಹಂತಗಳಲ್ಲಿ ಚುನಾವಣೆ ಮುಗಿಸಿತು. ಅದೇ ಕೋವಿಡ್ ಬೆಂಗಳೂರಿಗೆ ಮುಂದೂಡಿಕೆಯ ಕಾರಣಗಳಲ್ಲೊಂದಾಗಿತ್ತು. ಕೇರಳದ ರಾಜಕಾರಣಿಗಳು ನಮ್ಮವರಿಗಿಂತ ಸಾತ್ವಿಕರೆಂದು ಹೇಳುವಂತಿಲ್ಲ. ಅಲ್ಲಿ ಕ್ಷೇತ್ರ ಪುನರ್ವಿಂಗಡಣೆ ಮಾಡುವ ಆಯೋಗಕ್ಕೆ ರಾಜ್ಯ ಚುನಾವಣಾ ಆಯುಕ್ತರೇ ಮುಖ್ಯಸ್ಥರು. ಯಾವ ಸಂಸ್ಥೆಯ ಅಧ್ಯಕ್ಷಗಿರಿ ಯಾರಿಗೆ ಮೀಸಲು ಎಂಬುದು ಮತದಾನಕ್ಕೆ ಮೊದಲೇ ಗೊತ್ತಾಗಿರುತ್ತದೆ. ನಮ್ಮಲ್ಲಿ ಪಂಚಾಯಿತಿಗಳ ಕ್ಷೇತ್ರ ವಿಂಗಡಣೆಯ ಅಧಿಕಾರವನ್ನೂ 2021ರಲ್ಲಿ ಚುನಾವಣಾ ಆಯೋಗದಿಂದ ಕಿತ್ತುಕೊಂಡು ಸರ್ಕಾರ ರಚಿಸಿದ ಬೇರೊಂದು ಆಯೋಗಕ್ಕೆ ಕೊಡಲಾಯಿತು. ನಗರಗಳಲ್ಲಂತೂ ಅದು ಸರ್ಕಾರದ ಕೈಯಲ್ಲಿಯೇ ಇದೆ. ಆಟಗಾರನೇ ಅಂಕಣದ ಗೆರೆ ಎಳೆಯುವಾಗ ಆಟ ಹೊತ್ತಿಗೆ ಸರಿಯಾಗಿ ಶುರುವಾದೀತೆ?

ಪುರಾಡಳಿತದ ಪರಂಪರೆ ನಮಗೆ ಹೊಸದಲ್ಲ. ಬೆಂಗಳೂರಿನಲ್ಲಿ ಒಂಬತ್ತು ಮಂದಿ ಪ್ರಮುಖರ ಮುನಿಸಿಪಲ್ ಮಂಡಳಿ ಆರಂಭವಾದದ್ದು 1862ರ ಮಾರ್ಚ್ 27ರಂದು. ಸ್ಥಳೀಯ ಆಡಳಿತವನ್ನು ರಾಜಕೀಯ ಶಿಕ್ಷಣದ ಸಾಧನವೆಂದು ಕರೆದ ಲಾರ್ಡ್ ರಿಪ್ಪನ್‌ನ ನಿರ್ಣಯ ಬಂದದ್ದು 1882ರಲ್ಲಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ರಾಜಾಜಿಯವರು 1917ರಿಂದ 1919ರವರೆಗೆ ಸೇಲಂ ಪುರಸಭೆಯ ಅಧ್ಯಕ್ಷರಾಗಿದ್ದರು. ವಲ್ಲಭಭಾಯಿ ಪಟೇಲರು ಅಹಮದಾಬಾದಿನಲ್ಲಿ, ಜವಾಹರಲಾಲ್ ನೆಹರೂ ಅಲಹಾಬಾದಿನಲ್ಲಿ ನಲ್ಲಿ ನೀರು, ಚರಂಡಿ, ಕಂದಾಯದ ಕಡತಗಳನ್ನು ನೋಡುತ್ತಲೇ ಆಡಳಿತದ ಪಾಠ ಕಲಿತರು. ಮುಂದೆ ದೇಶದ ಹೊಣೆ ಹೊತ್ತವರು ಮೊದಲು ಬೀದಿದೀಪದ ಹೊಣೆ ಹೊತ್ತಿದ್ದರು. ಇಂದು ಪುರಸಭೆ, ಪಾಲಿಕೆಗಳ ಸಭೆಗಳನ್ನು ವರ್ಷಗಟ್ಟಲೆ ಮುಚ್ಚುವ ಮೂಲಕ ನಾವು ಮುಂದಿನ ತಲೆಮಾರಿನ ಪ್ರಾಥಮಿಕ ಶಾಲೆಯನ್ನೇ ಮುಚ್ಚುತ್ತಿದ್ದೇವೆ. ಯಾವ ಸಭೆಯಲ್ಲಿಯೂ ಪಳಗದವರು ನೇರವಾಗಿ ವಿಧಾನಸಭೆಗೆ ಬಂದಾಗ ಅಲ್ಲಿನ ಚರ್ಚೆಯ ಮಟ್ಟ ಏನಾಗುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ.

ಮಾಡಬೇಕಾದ ಕೆಲಸಗಳು ಹೆಚ್ಚಿಲ್ಲ, ದುಬಾರಿಯೂ ಅಲ್ಲ. ಮೊದಲನೆಯದಾಗಿ, ಅಧ್ಯಕ್ಷ ಮತ್ತು ಉಪಾಧ್ಯಕ್ಷ ಸ್ಥಾನಗಳ ಎರಡೂ ಅವಧಿಯ ಮೀಸಲಾತಿಯನ್ನು ವಾರ್ಡು ಮೀಸಲಾತಿಯ ಜೊತೆಯಲ್ಲಿಯೇ, ಮತದಾನಕ್ಕೆ ಮೊದಲೇ ಪ್ರಕಟಿಸಬೇಕು. ತಕರಾರಿದ್ದವರು ಆಗಲೇ ನ್ಯಾಯಾಲಯಕ್ಕೆ ಹೋಗಲಿ. ಎರಡನೆಯದಾಗಿ, ವಾರ್ಡು ವಿಂಗಡಣೆ ಮತ್ತು ಮೀಸಲಾತಿ ಆವರ್ತನವನ್ನು ರಾಜ್ಯ ಚುನಾವಣಾ ಆಯೋಗಕ್ಕೆ ಒಪ್ಪಿಸಬೇಕು. ಮೂರನೆಯದಾಗಿ, ಅಧ್ಯಕ್ಷ ಸ್ಥಾನ ಯಾವ ಕಾರಣಕ್ಕಾದರೂ ಖಾಲಿಯಿದ್ದರೆ ಹಿರಿಯ ಸದಸ್ಯರೊಬ್ಬರ ಅಧ್ಯಕ್ಷತೆಯಲ್ಲಿ ಮಾಸಿಕ ಸಭೆ ತಾನಾಗಿಯೇ ಸೇರುವಂತೆ ಕಾಯ್ದೆಗೆ ತಿದ್ದುಪಡಿ ತರಬೇಕು. ಅಧ್ಯಕ್ಷರಿಲ್ಲ ಎಂಬ ಕಾರಣಕ್ಕೆ 23 ಮಂದಿ ಚುನಾಯಿತರು ಮನೆಯಲ್ಲಿ ಕೂರುವಂತಾಗಬಾರದು. ನಾಲ್ಕನೆಯದಾಗಿ, ಪ್ರತಿ ಸಭೆಯ ನಡಾವಳಿ ವಾರದೊಳಗೆ ಕನ್ನಡದಲ್ಲಿ, ಕಚೇರಿಯ ಫಲಕದ ಮೇಲೂ ಅಂತರ್ಜಾಲದಲ್ಲಿಯೂ ಎಲ್ಲರಿಗೂ ಸಿಗುವಂತಾಗಬೇಕು. ಯಾರು ಪ್ರಶ್ನೆ ಕೇಳಿದರು, ಯಾರು ಏನು ಉತ್ತರ ಕೊಟ್ಟರು, ಯಾರು ಬರಲೇ ಇಲ್ಲ ಎಂಬುದು ಮತದಾರನಿಗೆ ತಿಳಿದರೆ ಮುಂದಿನ ಚುನಾವಣೆಯಲ್ಲಿ ಜಾತಿ ಮತ್ತು ಹಣದ ಜೊತೆಗೆ ಇನ್ನೊಂದು ಮಾನದಂಡವೂ ಅವನ ಕೈಗೆ ಬರುತ್ತದೆ.

ಬೆಂಗಳೂರಿನ ಐದು ಪಾಲಿಕೆಗಳ ವಿಷಯದಲ್ಲಿ ಒಂದು ಮಾತು ಉಳಿಯುತ್ತದೆ. ಹೊಸ ಪಾಲಿಕೆಯ ಮೊದಲ ಸಾಮಾನ್ಯ ಸಭೆಯಲ್ಲಿ ದೃಢೀಕರಿಸಲು ಹಿಂದಿನ ಸಭೆಯ ನಡಾವಳಿ ಇರುವುದಿಲ್ಲ. 2020ರಿಂದ ತೆಗೆದುಕೊಂಡ ಸಾವಿರಾರು ತೀರ್ಮಾನಗಳು ಕಡತಗಳಲ್ಲಿವೆ, ಆದೇಶಗಳಲ್ಲಿವೆ. ಯಾವ ಸಭೆಯೂ ಅವುಗಳನ್ನು ಓದಿಸಿ ಕೇಳಿಲ್ಲ, ಯಾರೂ ಆಕ್ಷೇಪಿಸಿಲ್ಲ, ಯಾರೂ ಕೈಯೆತ್ತಿ ಒಪ್ಪಿಲ್ಲ. ಹೊಸ ಸದಸ್ಯರು ಮೊದಲು ಮಾಡಬೇಕಾದ ಕೆಲಸ ತಮ್ಮ ವಾರ್ಡಿಗೆ ಹೊಸ ಕಮಾನು ಕೇಳುವುದಲ್ಲ. ಆ ವರ್ಷಗಳ ಜಮಾ ಖರ್ಚನ್ನು ಸಭೆಯ ಮುಂದೆ ತರಿಸಿ, ವಿಷಯ ಸಂಖ್ಯೆ ಒಂದು ಎಂದು ಬರೆಸಿ, ಗಟ್ಟಿಯಾಗಿ ಓದಿಸುವುದು. ಸಣ್ಣ ಪಟ್ಟಣದ ಪುರಸಭೆಗಳು ಸಭೆ ಸೇರಿದಾಗಲೆಲ್ಲ ಮಾಡುತ್ತ ಬಂದಿರುವ ಕೆಲಸವೇ ಅದು.